ಉಪ್ಪುನೀರಿನ ತೊಟ್ಟಿಯಲ್ಲಿ ಮೊದಲ ಸಲ ತೇಲುವವರಿಗೆ

ನಮ್ಮ ಗೋದಾಮಿನಲ್ಲಿ ಗೊಬ್ಬರದ ಚೀಲಗಳ ಪಕ್ಕ ಪ್ರತಿ ವರ್ಷ ಮೆಗ್ನೀಸಿಯಂ ಸಲ್ಫೇಟ್ ಚೀಲಗಳೂ ಬಂದು ಕೂರುತ್ತವೆ. ಕಾಫಿ ಗಿಡದ ಹಳೆಯ ಎಲೆಗಳಲ್ಲಿ ನರ ಹಸಿರಾಗಿಯೇ ಉಳಿದು ನಡುವಿನ ಭಾಗ ಹಳದಿಯಾದರೆ ಕೊಡುವ ಮದ್ದು ಅದು. ಕೊಡಗಿನ ಬೆಳೆಗಾರರಿಗೆ ಹೊಸದಲ್ಲ. ಅದೇ ಉಪ್ಪನ್ನು ಅರ್ಧ ಟನ್ನಿನಷ್ಟು ಕರಗಿಸಿದ ನೀರಿನಲ್ಲಿ ಒಂದು ಗಂಟೆ ಮಲಗಿ ಬರೋಣ, ಅದಕ್ಕೆ ದುಡ್ಡು ಕೊಡಬೇಕು ಎಂದು ಅತ್ತಿಗೆ ಹೇಳಿದಾಗ ನನಗೆ ನಗು ತಡೆಯಲಾಗಲಿಲ್ಲ. “ನನಗೇನು ಮೆಗ್ನೀಸಿಯಂ ಕೊರತೆಯೇ ಅತ್ತಿಗೆ?” ಎಂದೆ. “ನಿನಗೆ ಕೊರತೆ ಇರುವುದು ಸುಮ್ಮನೆ ಇರುವುದರದ್ದು” ಎಂದರು ಅವರು.

ಆ ವರ್ಷ ಮೆಣಸು ಕೊಯ್ಲಿನಲ್ಲಿ ಏಣಿಯ ಬುಡದಲ್ಲಿ ನಿಂತು, ಸಿಲ್ವರ್ ಓಕ್ ಮರದ ತುದಿಯವರೆಗೆ ಹಬ್ಬಿದ ಬಳ್ಳಿಗಳನ್ನು ನೋಡಿ ನೋಡಿ ನನ್ನ ಕತ್ತು ಮರದ ಕೊರಡಾಗಿತ್ತು. ಹೋದೆ. ಆಮೇಲೆ ಎರಡು ಸಲ ಹೋಗಿ ಬಂದಿದ್ದೇನೆ. ಮೊದಲ ಸಲ ನಾನು ಮಾಡಿದ ತಪ್ಪುಗಳನ್ನು ನೀವು ಮಾಡಬಾರದೆಂದು ಇದನ್ನು ಬರೆಯುತ್ತಿದ್ದೇನೆ. ಆ ಒಂದು ಗಂಟೆಯಲ್ಲಿ ಕಲಿಯಬೇಕಾದ ಕೆಲಸ ಒಂದೇ, ಕತ್ತನ್ನು ಬಿಡುವುದು. ಮಿಕ್ಕದ್ದನ್ನು ಉಪ್ಪು ನೋಡಿಕೊಳ್ಳುತ್ತದೆ. ಹೇಳುವುದು ಸುಲಭ, ನನಗೆ ಇಪ್ಪತ್ತು ನಿಮಿಷ ಹಿಡಿಯಿತು.

ತೊಟ್ಟಿಯಲ್ಲಿ ಇರುವುದೇನು

ತೊಟ್ಟಿಯ ನೀರಿನ ಆಳ ಒಂದು ಅಡಿಯ ಆಸುಪಾಸು, ಅಂದರೆ 25ರಿಂದ 30 ಸೆಂಟಿಮೀಟರ್. ಸುಮಾರು 1000 ಲೀಟರ್ ನೀರಿಗೆ 500 ಕಿಲೋ ಆಸುಪಾಸಿನ ಎಪ್ಸಮ್ ಉಪ್ಪು. ಲಂಡನ್ ಬಳಿಯ ಎಪ್ಸಮ್ ಎಂಬ ಊರಿನ ಕಹಿನೀರಿನ ಬುಗ್ಗೆಯಿಂದ ಇದಕ್ಕೆ ಆ ಹೆಸರು. ಅಡುಗೆಮನೆಯ ಉಪ್ಪಿಗೂ ಇದಕ್ಕೂ ಸಂಬಂಧವಿಲ್ಲ, ರಸಾಯನಶಾಸ್ತ್ರದ ಲೆಕ್ಕದಲ್ಲಿ ಇದು ನಮ್ಮ ಗೋದಾಮಿನ ಮೆಗ್ನೀಸಿಯಂ ಸಲ್ಫೇಟೇ. ಹಾಗೆಂದು ಗೊಬ್ಬರದ ಚೀಲ ಒಡೆದು ಸ್ನಾನದ ನೀರಿಗೆ ಸುರಿಯಬೇಡಿ. ತೋಟಕ್ಕೆ ಬರುವ ದರ್ಜೆಯ ಉಪ್ಪನ್ನು ಮೈಗೆ ಬಳಸಲೆಂದು ಶುದ್ಧಗೊಳಿಸಿರುವುದಿಲ್ಲ.

ಮಂಗಳೂರಿನ ಕಡಲಿನ ನೀರಿನಲ್ಲಿ ಉಪ್ಪಿನ ಪಾಲು ನೂರಕ್ಕೆ ಮೂರೂವರೆಯಷ್ಟು. ಮೃತ ಸಮುದ್ರದಲ್ಲಿ ಅದರ ಹತ್ತರಷ್ಟು ಇರುವುದರಿಂದಲೇ ಅಲ್ಲಿ ಜನ ಮಲಗಿ ಪತ್ರಿಕೆ ಓದುವ ಚಿತ್ರಗಳನ್ನು ನೋಡಿರುತ್ತೀರಿ. ತೊಟ್ಟಿಯ ನೀರೂ ಆ ಜಾತಿಯದೇ, ಒಂದು ಲೀಟರ್ ತೂಗಿದರೆ ಒಂದೂಕಾಲು ಕಿಲೋ ದಾಟುತ್ತದೆ. ನಮ್ಮ ದೇಹ ಲೀಟರಿಗೆ ಹೆಚ್ಚುಕಡಿಮೆ ಒಂದು ಕಿಲೋ. ಹಗುರವಾದದ್ದು ಭಾರವಾದದ್ದರ ಮೇಲೆ ತೇಲಲೇಬೇಕು. ಆದ್ದರಿಂದ ಈಜು ಬರುವುದಿಲ್ಲ ಎಂಬ ಹೆದರಿಕೆ ಬೇಡ. ಅತ್ತಿಗೆಗೆ ಕಾವೇರಿಯಲ್ಲಿ ಮೊಣಕಾಲಿನವರೆಗೆ ಇಳಿದೂ ಗೊತ್ತಿಲ್ಲ. ಅವರು ನನಗಿಂತ ಬೇಗ ತೇಲಿದರು.

ನೀರಿನ ಬಿಸಿ ಸುಮಾರು 35 ಡಿಗ್ರಿ. ಚರ್ಮದ ಮೇಲ್ಮೈಯ ಬಿಸಿಯೂ ಅಷ್ಟೇ. ಹಂಡೆಯ ನೀರಿನಲ್ಲಿ ಮೈ ಕೆಂಪಗಾಗುವಂತೆ ಮೀಯುವ ನಮಗೆ ಇದು ಸ್ನಾನದ ನೀರೇ ಅಲ್ಲ, ಕೈ ಅದ್ದಿದ ಕೂಡಲೇ “ಒಲೆಗೆ ಇನ್ನೆರಡು ಸೌದೆ ಹಾಕಿ” ಎನ್ನಬೇಕೆನಿಸುತ್ತದೆ. ಆದರೆ ಇದು ಬೇಕೆಂದೇ ಇಟ್ಟ ಬಿಸಿ. ನೀರು ಬೆಚ್ಚಗೂ ಅನ್ನಿಸದೆ ತಣ್ಣಗೂ ಅನ್ನಿಸದೆ ಇದ್ದಾಗ, ಮೈ ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಎಂಬುದು ಸ್ವಲ್ಪ ಹೊತ್ತಿನಲ್ಲಿ ಚರ್ಮಕ್ಕೆ ಮರೆತುಹೋಗುತ್ತದೆ.

ಇದನ್ನು ಮೊದಲು ಮಾಡಿದವರು ಸ್ಪಾ ನಡೆಸುವವರಲ್ಲ. 1954ರಲ್ಲಿ ಅಮೆರಿಕದ ವೈದ್ಯ ವಿಜ್ಞಾನಿ ಜಾನ್ ಲಿಲ್ಲಿ, ಬೆಳಕು, ಸದ್ದು, ಸ್ಪರ್ಶ ಎಲ್ಲವನ್ನೂ ತಡೆದರೆ ಮಿದುಳು ತಾನಾಗಿ ನಿದ್ದೆಗೆ ಜಾರುತ್ತದೆಯೇ ಎಂದು ನೋಡಲು ಇಂಥ ತೊಟ್ಟಿ ಕಟ್ಟಿದರು. ಅವರದ್ದು ಉಪ್ಪಿಲ್ಲದ ನೀರು. ಮುಖಕ್ಕೆ ಉಸಿರಾಟದ ಮುಸುಕು ಹಾಕಿಕೊಂಡು ಮುಳುಗಬೇಕಿತ್ತು. ಉಪ್ಪು ಬೆರೆಸಿ ಮಲಗುವ ತೊಟ್ಟಿ 1970ರ ದಶಕದಲ್ಲಿ ಮಾರುಕಟ್ಟೆಗೆ ಬಂತು.

ಫೋನಿನಲ್ಲಿ ಕೇಳಬೇಕಾದದ್ದು

ಕೊಡಗಿನಲ್ಲಿ ರೆಸಾರ್ಟುಗಳಿಗೆ ಬರವಿಲ್ಲ, ಸ್ಪಾ ಇಲ್ಲದ ರೆಸಾರ್ಟ್ ಹುಡುಕುವುದೇ ಕಷ್ಟ. ಆದರೆ ‘ಉಪ್ಪಿನ ಸ್ನಾನ’ ಎಂದು ಪಟ್ಟಿಯಲ್ಲಿ ಬರೆದ ಮಾತ್ರಕ್ಕೆ ಅಲ್ಲಿ ತೇಲಬಹುದು ಎಂದಲ್ಲ. ಗುಳ್ಳೆ ಬರುವ ಬಿಸಿನೀರಿನ ತೊಟ್ಟಿಗೆ ಎರಡು ಹಿಡಿ ಉಪ್ಪು ಹಾಕಿ ಅದನ್ನೇ ಉಪ್ಪಿನ ಸ್ನಾನ ಎನ್ನುವವರಿದ್ದಾರೆ. ಗೋಡೆಗೆ ಉಪ್ಪಿನ ಇಟ್ಟಿಗೆ ಅಂಟಿಸಿದ ಕೋಣೆಯಲ್ಲಿ ಕೂರಿಸುವುದಂತೂ ಬೇರೆಯೇ ವಿಷಯ. ನೀವು ಕೇಳಬೇಕಾದ ಮೊದಲ ಪ್ರಶ್ನೆ: “ತೊಟ್ಟಿಗೆ ಎಷ್ಟು ಕಿಲೋ ಉಪ್ಪು ಹಾಕಿದ್ದೀರಿ?” ಉತ್ತರ ನೂರರ ಲೆಕ್ಕದಲ್ಲಿ ಬಂದರೆ ಮಾತು ಮುಂದುವರಿಸಿ. “ಅದೆಲ್ಲಾ ಸಾಕಷ್ಟು ಇದೆ ಮೇಡಂ” ಎಂದರೆ ಫೋನ್ ಇಡಿ.

ಎರಡನೆಯದು ಶುಚಿಯ ಪ್ರಶ್ನೆ. ಕೇಳಲು ಸಂಕೋಚ ಬೇಡ. ಅರ್ಧ ಟನ್ ಉಪ್ಪಿನ ನೀರನ್ನು ಒಬ್ಬೊಬ್ಬರಿಗೂ ಚೆಲ್ಲಿ ಹೊಸದಾಗಿ ತುಂಬುವವರು ಯಾರೂ ಇಲ್ಲ. ನಿಮಗಿಂತ ಮೊದಲು ಮಲಗಿದವರ ನೀರಿನಲ್ಲೇ ನೀವೂ ಮಲಗುತ್ತೀರಿ, ನಡುವೆ ಅದು ಫಿಲ್ಟರಿನ ಮೂಲಕ ಹಾದುಹೋಗಿರಬೇಕು. ಒಬ್ಬರು ಎದ್ದು ಇನ್ನೊಬ್ಬರು ಮಲಗುವ ನಡುವೆ ಎಷ್ಟು ಹೊತ್ತು ಬಿಡುತ್ತಾರೆ, ನೀರನ್ನು ಎಷ್ಟು ಸಲ ಸೋಸುತ್ತಾರೆ, ಸೋಂಕು ನಿವಾರಣೆಗೆ ನೇರಳಾತೀತ ಬೆಳಕೋ, ಓಜೋನೋ, ಹೈಡ್ರೋಜನ್ ಪೆರಾಕ್ಸೈಡೋ ಎಂದು ಕೇಳಿ. ಇಷ್ಟು ಉಪ್ಪಿನಲ್ಲಿ ಬಹುಪಾಲು ಸೂಕ್ಷ್ಮಜೀವಿಗಳು ಬೆಳೆಯಲಾರವು ನಿಜ, ಆದರೆ ಉಪ್ಪೊಂದನ್ನೇ ನೆಚ್ಚಿಕೊಂಡಿದ್ದೇವೆ ಎನ್ನುವ ಕಡೆ ನಾನು ಮಲಗುವುದಿಲ್ಲ.

ಬಾಗಿಲು ಒಳಗಿನಿಂದ ಕೈಯಲ್ಲೇ ತೆರೆಯುತ್ತದೆಯೇ, ದೀಪದ ಗುಂಡಿ ಮಲಗಿದಲ್ಲಿಂದಲೇ ಎಟಕುತ್ತದೆಯೇ ಎಂಬುದನ್ನೂ ಕೇಳಿಟ್ಟುಕೊಳ್ಳಿ. ಮುಚ್ಚಳವಿರುವ ಮೊಟ್ಟೆಯಾಕಾರದ ತೊಟ್ಟಿ ಕೆಲವು ಕಡೆ, ಮೇಲೆ ಏನೂ ಇಲ್ಲದ ತೆರೆದ ಕೊಳದಂಥದ್ದು ಕೆಲವು ಕಡೆ. ಇಕ್ಕಟ್ಟು ಕಂಡರೆ ಉಸಿರು ಕಟ್ಟುವವರು ತೆರೆದದ್ದನ್ನೇ ಆರಿಸಿಕೊಳ್ಳಲಿ.

ಮಳೆಗಾಲದ ವಾರದ ದಿನ ಹೋದರೆ ಒಳ್ಳೆಯದು. ಪ್ರವಾಸಿಗರ ಗದ್ದಲವಿರುವುದಿಲ್ಲ, ತೋಟದಲ್ಲೂ ಕೊಯ್ಲಿನ ಅವಸರವಿಲ್ಲ. ಕಕ್ಕಡದ, ಅಂದರೆ ಜುಲೈ–ಆಗಸ್ಟ್ ನಡುವಿನ ಕೊಡವ ತಿಂಗಳಿನ, ಜಡಿಮಳೆಯಲ್ಲಿ ಮನೆಯೊಳಗೆ ಕೂತು ಕೂತು ಮೈ ಜಡ್ಡುಗಟ್ಟುವ ಹೊತ್ತಿಗೆ ಇಂಥದ್ದೊಂದು ನೆವ ಬೇಕೇ ಬೇಕು.

ಯಾರು ಹೋಗಬಾರದು

ಹತೋಟಿಗೆ ಬಾರದ ಮೂರ್ಛೆರೋಗ, ಮೂತ್ರಪಿಂಡದ ತೊಂದರೆ, ಅಂಟುವ ಚರ್ಮರೋಗ, ಕಿವಿಯ ಸೋಂಕು ಅಥವಾ ಹರಿದ ಕಿವಿತಮಟೆ, ವಾಸಿಯಾಗದ ಗಾಯ, ಇತ್ತೀಚಿನ ಭೇದಿ: ಇವುಗಳಲ್ಲಿ ಯಾವುದಿದ್ದರೂ ಬೇಡ. ರಕ್ತದೊತ್ತಡ ತೀರಾ ಕಡಿಮೆ ಇರುವವರು, ಹೃದಯದ ಕಾಯಿಲೆಯವರು, ಬಸುರಿಯರು ವೈದ್ಯರನ್ನು ಕೇಳದೆ ಹೋಗಬಾರದು. ಮದ್ಯ ಕುಡಿದವರು ಹೋಗಲೇಬಾರದು. ಕೊಡಗಿನಲ್ಲಿ ಈ ಮಾತನ್ನು ಬಿಡಿಸಿ ಹೇಳಬೇಕಾಗುತ್ತದೆ. ಹಿಂದಿನ ರಾತ್ರಿ ಮದುವೆಮನೆಯಲ್ಲಿದ್ದವರು ದಿನ ಮುಂದೂಡಿ.

ಲಾಭದ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ‘ದೇಹದ ವಿಷ ತೆಗೆಯುತ್ತದೆ’ ಎಂದು ಬರೆದ ಫಲಕ ಕಂಡರೆ ಓದದೆ ಮುಂದೆ ಹೋಗಿ. ವಿಷ ತೆಗೆಯಲು ನಮಗೆ ಯಕೃತ್ತು, ಮೂತ್ರಪಿಂಡಗಳಿವೆ. ಚರ್ಮದ ಮೂಲಕ ಮೆಗ್ನೀಸಿಯಂ ಒಳಗಿಳಿಯುತ್ತದೆ ಎಂಬ ಮಾತಿಗೂ ಗಟ್ಟಿ ಆಧಾರವಿಲ್ಲ. ಅಮೆರಿಕದ ಟಲ್ಸಾ ನಗರದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಆತಂಕ ಮತ್ತು ಒತ್ತಡದ ತೊಂದರೆಯಿದ್ದ 50 ಮಂದಿಯನ್ನು ಒಂದು ಗಂಟೆ ತೇಲಿಸಿದಾಗ ಅವರ ಆತಂಕ ಆ ಹೊತ್ತಿಗೆ ಗಣನೀಯವಾಗಿ ಇಳಿದಿತ್ತು. ‘ಆ ಹೊತ್ತಿಗೆ’ ಎಂಬುದನ್ನು ಗಮನಿಸಿ. ನನ್ನ ಕತ್ತಿಗೆ ಸಿಕ್ಕ ಬಿಡುಗಡೆಯೂ ಮೂರು ದಿನದ್ದು.

ಹಿಂದಿನ ಎರಡು ದಿನ

ಜಿಗಣೆಯ ವಿಷಯವನ್ನು ಬೆಂಗಳೂರಿನಿಂದ ಬರುವವರಿಗೆ ಯಾರೂ ಹೇಳುವುದಿಲ್ಲ. ಮಳೆಗಾಲದಲ್ಲಿ ತೋಟ ಸುತ್ತಿದವರ ಕಾಲಿನಲ್ಲಿ ಒಂದೆರಡು ಕಚ್ಚಿದ ಗುರುತು ಇದ್ದೇ ಇರುತ್ತದೆ. ಜಿಗಣೆ ಕಚ್ಚಿದಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ದ್ರವ ಬಿಡುವುದರಿಂದ ಆ ಗಾಯ ಬೇಗ ಮುಚ್ಚಿಕೊಳ್ಳುವುದಿಲ್ಲ. ಜಿಗಣೆಯನ್ನು ಬಿಡಿಸಲು ನಾವು ಉಪ್ಪು ಹಾಕುತ್ತೇವಲ್ಲ, ಅದರ ಗೋಳು ಏನೆಂದು ನನಗೆ ಅರ್ಥವಾದದ್ದು ಕಣಕಾಲಿನ ಮೂರು ಗಾಯಗಳನ್ನು ಹೊತ್ತುಕೊಂಡು ಆ ನೀರಿಗೆ ಇಳಿದಾಗ. ಎರಡು ದಿನ ತೋಟಕ್ಕೆ ಇಳಿಯಬೇಡಿ. ಇಳಿಯಲೇಬೇಕಾದರೆ ಕಾಲುಚೀಲಕ್ಕೆ ಸುಣ್ಣ, ಹೊಗೆಸೊಪ್ಪಿನ ಪುಡಿ ಹಚ್ಚಿಕೊಂಡು ಇಳಿಯಿರಿ. ಒಣಗಿದ ಸಣ್ಣ ಗೀರುಗಳ ಮೇಲೆ ವ್ಯಾಸಲೀನ್ ಸವರಿದರೆ ಉರಿ ತಡೆಯಬಹುದು. ತೆರೆದ ಗಾಯವಾದರೆ ವ್ಯಾಸಲೀನ್ ಸಾಲದು, ದಿನ ಬದಲಿಸಿ.

ಗಂಡಸರು ಆ ದಿನ ಗಡ್ಡ ಬೋಳಿಸಬಾರದು. ಹೆಂಗಸರು ಕೈಕಾಲಿನ ಕೂದಲು ತೆಗೆಸಿದ್ದರೆ ಎರಡು ದಿನ ಕಾಯಬೇಕು. ತಲೆಗೆ ಬಣ್ಣ ಹಚ್ಚಿದ್ದರೆ, ತಲೆ ತೊಳೆದ ನೀರಿಗೆ ಬಣ್ಣ ಬಿಡುವುದು ಪೂರ್ತಿ ನಿಲ್ಲಲಿ. ಮುಟ್ಟಿನ ದಿನಗಳ ಬಗ್ಗೆ ಒಂದೊಂದು ಕಡೆ ಒಂದೊಂದು ನಿಯಮ, ಮೊದಲೇ ಕೇಳಿಬಿಡಿ. ಮೊದಲ ಸಲವಾದರೆ ಆ ದಿನಗಳನ್ನು ತಪ್ಪಿಸುವುದೇ ನೆಮ್ಮದಿ.

ಊಟ ಒಂದೂವರೆ ಗಂಟೆ ಮೊದಲೇ ಮುಗಿದಿರಲಿ, ಹಗುರವಾಗಿರಲಿ. ಎರಡು ಕಡಂಬುಟ್ಟು ಪಂದಿಕರಿಯೊಂದಿಗೆ ಇಳಿಸಿ ಮಲಗಿದರೆ, ಆ ನಿಶ್ಶಬ್ದದಲ್ಲಿ ನಿಮಗೆ ಕೇಳುವುದು ಹೊಟ್ಟೆಯ ಗುಡುಗು ಮಾತ್ರ. ಪೂರ್ತಿ ಹಸಿದು ಹೋದರೂ ಅದೇ ಪಾಡು. ಇನ್ನು ಕಾಫಿ. ಕಾಫಿ ಬೆಳೆಯುವವಳೇ ಹೇಳುತ್ತಿದ್ದೇನೆ, ಆ ದಿನ ಬೆಳಗಿನ ಒಂದು ಲೋಟ ಸಾಕು. ಹೊರಡುವ ಮುನ್ನ ಬೆಲ್ಲದ ಕಾಪಿ ಹೀರಿ ಹೋದ ನಾನು, ಅರ್ಧ ಗಂಟೆ ನನ್ನ ಎದೆಬಡಿತವನ್ನು ಕೇಳುತ್ತಾ ಮಲಗಿದ್ದೆ.

ಕೋಣೆಯೊಳಗೆ

ನಿಮಗೆ ಒಂದು ಕೋಣೆ ಕೊಡುತ್ತಾರೆ. ಅದರೊಳಗೆ ತೊಟ್ಟಿ, ಪಕ್ಕದಲ್ಲಿ ಷವರ್. ಕೋಣೆಯ ಬಾಗಿಲಿಗೆ ನೀವೇ ಚಿಲಕ ಹಾಕಿಕೊಳ್ಳುತ್ತೀರಿ, ತೇಲುವಾಗ ಜೊತೆಗೆ ಯಾರೂ ಇರುವುದಿಲ್ಲ. ಹೆಚ್ಚಿನವರು ಬಟ್ಟೆಯಿಲ್ಲದೆ ಮಲಗುತ್ತಾರೆ. ಬಟ್ಟೆ ತಾಗಿದ ಕಡೆ ಚರ್ಮಕ್ಕೆ ಅದರದೇ ನೆನಪು ಉಳಿಯುತ್ತದೆ ಎಂಬುದು ಕಾರಣ. ಮನಸ್ಸು ಒಪ್ಪದಿದ್ದರೆ ಈಜುಡುಗೆ ಹಾಕಿಕೊಳ್ಳಿ, ಯಾರೂ ಕೇಳುವುದಿಲ್ಲ. ಸಡಿಲವಾದ ನೈಟಿ ಮಾತ್ರ ಬೇಡ, ಅದು ನೀರಿನಲ್ಲಿ ಅರಳಿಕೊಂಡು ಕುತ್ತಿಗೆಗೆ ಬರುತ್ತದೆ.

ಬಳೆ, ಉಂಗುರ, ಮೂಗುತಿ, ಸರ ತೆಗೆದಿಡಿ, ಬೆಳ್ಳಿಯಂತೂ ಮಂಕಾಗುತ್ತದೆ. ಕರಿಮಣಿ ತೆಗೆಯುವುದಿಲ್ಲ ಎನ್ನುವವರು ತೊಳೆಯಲು ಸಿಹಿನೀರಿನ ಚೊಂಬೊಂದನ್ನು ನೆನಪಿಟ್ಟುಕೊಳ್ಳಲಿ. ಕಾಂಟ್ಯಾಕ್ಟ್ ಲೆನ್ಸ್ ತೆಗೆಯಲೇಬೇಕು.

ಮೊದಲು ಸೋಪು ಹಚ್ಚಿ ಸ್ನಾನ, ತಲೆಗೂ. ತಲೆಯ ಕೊಬ್ಬರಿ ಎಣ್ಣೆ ಪೂರ್ತಿ ಹೋಗಬೇಕು, ಆ ನೀರು ನಿಮ್ಮೊಬ್ಬರದಲ್ಲ. ಮುಖವನ್ನು ಟವೆಲಿನಿಂದ ಚೆನ್ನಾಗಿ ಒರೆಸಿಕೊಳ್ಳಿ. ಒದ್ದೆ ಮುಖದಲ್ಲಿ ಹನಿ ಇಳಿಯುವಾಗ ತುರಿಕೆಯಾಗುತ್ತದೆ, ತುರಿಸಲು ಕೈ ಏಳುತ್ತದೆ, ಕೈಯಲ್ಲಿ ಉಪ್ಪಿರುತ್ತದೆ. ಆಮೇಲೆ ಮೇಣದ ಇಯರ್ ಪ್ಲಗ್. ಕಿವಿ ಒಣಗಿದ್ದಾಗಲೇ ಹಾಕಿದರೆ ಕೂರುತ್ತದೆ. ಹಂಚಿನ ಮೇಲೆ ಮಳೆ ಹೊಡೆಯುವ ಸದ್ದೂ ಇದರಿಂದ ದೂರವಾಗುತ್ತದೆ, ನನಗದು ಸ್ವಲ್ಪ ನಷ್ಟವೆನಿಸಿತು.

ಕೈಗೆ ಎಟಕುವಲ್ಲಿ ಒಣ ಟವೆಲ್ ಮತ್ತು ಸಿಹಿನೀರಿನ ಸ್ಪ್ರೇ ಬಾಟಲಿ ಇದೆಯೇ ಎಂದು ನೋಡದೆ ಇಳಿಯಬೇಡಿ.

ನೀರಿನೊಳಗೆ

ಇಳಿಯುವಾಗ ಹಿಡಿಕೆ ಹಿಡಿದುಕೊಳ್ಳಿ. ತೊಟ್ಟಿಯ ತಳ ಮಳೆಗಾಲದ ಪಾಚಿಗಟ್ಟಿದ ಅಂಗಳದಷ್ಟು ಜಾರುತ್ತದೆ. ಮೊದಲು ಕುಳಿತುಕೊಳ್ಳಿ, ಕಾಲು ಚಾಚಿ. ಕಾಲು ತಾನಾಗಿ ಮೇಲೇಳುತ್ತದೆ, ಹೆದರಬೇಡಿ. ಮೊಣಕೈ ಊರಿ ನಿಧಾನವಾಗಿ ಹಿಂದಕ್ಕೆ ಒರಗಿ, ಮೊಣಕೈ ಸರಿಸಿ. ತೇಲಿದಿರಿ.

ಇಲ್ಲಿಯೇ ಕತ್ತಿನ ಪ್ರಶ್ನೆ ಬರುವುದು. ಮೈಯೆಲ್ಲಾ ತೇಲುತ್ತಿದ್ದರೂ ತಲೆಯನ್ನು ನೀವು ಎತ್ತಿಯೇ ಹಿಡಿದಿರುತ್ತೀರಿ, ಹಿಡಿದಿದ್ದೀರಿ ಎಂದು ನಿಮಗೇ ಗೊತ್ತಿರುವುದಿಲ್ಲ. ಮುಳುಗಬಾರದು ಎಂದು ಹುಟ್ಟಿನಿಂದ ಕಲಿತ ಬುದ್ಧಿ ಅದು. ನಾಲ್ಕೈದು ಕಿಲೋ ತೂಗುವ ತಲೆಯನ್ನು ನೀರಿಗೆ ಒಪ್ಪಿಸಲು ಕತ್ತು ಒಪ್ಪುವುದಿಲ್ಲ. ಪರೀಕ್ಷೆ ಹೀಗೆ: ತಲೆಯನ್ನು ಬೇಕೆಂದೇ ಒಂದಿಷ್ಟು ಮೇಲೆತ್ತಿ, ಮೂರು ಎಣಿಸಿ, ಉಸಿರು ಬಿಡುತ್ತಾ ಇಳಿಸಿ. ಕಿವಿ ಮುಳುಗುತ್ತದೆ, ಕೆನ್ನೆಯ ಅಂಚಿನವರೆಗೆ ನೀರು ಬರುತ್ತದೆ, ಅಲ್ಲಿಗೆ ನಿಲ್ಲುತ್ತದೆ. ಮೂಗು ಬಾಯಿಗೆ ಬರುವುದಿಲ್ಲ. ಇದನ್ನು ನಾಲ್ಕು ಸಲ ಮಾಡಿದ ಮೇಲೆ ಕತ್ತಿಗೆ ಸ್ವಲ್ಪ ನಂಬಿಕೆ ಬರುತ್ತದೆ. ಗದ್ದ ಎದೆಗೆ ಅಂಟಿದ್ದರೆ ಒಂದು ಬೆರಳಿನಷ್ಟು ಮೇಲಕ್ಕೆ ಬಿಡಿ. ಕೈಗಳು ಪಕ್ಕದಲ್ಲಿದ್ದಾಗ ಭುಜ ಬಿಗಿದರೆ, ಅವನ್ನು ತಲೆಯ ಎರಡೂ ಬದಿಗೆ ಮೇಲಕ್ಕೆ ಚಾಚಿ, ತೊಟ್ಟಿಲ ಮಗು ಮಲಗುವಂತೆ. ನನ್ನ ಕತ್ತು ಬಿಟ್ಟಿದ್ದು ಈ ಭಂಗಿಯಲ್ಲಿ. ಆದರೂ ಆಗಲಿಲ್ಲವೇ? ತೇಲುವ ದಿಂಬಿನ ಉಂಗುರ ಕೊಡುತ್ತಾರೆ, ತಲೆಯ ಕೆಳಗೆ ಇಟ್ಟುಕೊಳ್ಳಿ, ಅದರಲ್ಲಿ ಸೋಲೇನಿಲ್ಲ.

ದೀಪ ಆರಿಸುವ ಅವಸರ ಬೇಡ. ಮೊದಲ ಹತ್ತು ನಿಮಿಷ ದೀಪವೂ ಇರಲಿ, ಮುಚ್ಚಳವೂ ಅರ್ಧ ತೆರೆದಿರಲಿ. ಮೈ ಮೆಲ್ಲನೆ ಅತ್ತಿತ್ತ ಸರಿದು ಗೋಡೆಗೆ ತಾಗುತ್ತಿದ್ದರೆ, ಎರಡೂ ಕೈಯಿಂದ ಗೋಡೆ ಹಿಡಿದು ನಡುವೆ ನಿಂತು, ನೀರು ಅಲುಗಾಟ ನಿಲ್ಲಿಸಿದ ಮೇಲೆ ಕೈಬಿಡಿ.

ಆಮೇಲೆ ಮನಸ್ಸು ಏನೇನೋ ತರುತ್ತದೆ. ನನ್ನದು ಕೂಲಿಯ ಲೆಕ್ಕ ಮಾಡಿತು, ಕಣದ ಟಾರ್ಪಾಲ್ ಮುಚ್ಚಿದ್ದಾರೋ ಇಲ್ಲವೋ ಎಂದು ಚಿಂತಿಸಿತು. ಮಳೆಗಾಲದಲ್ಲಿ ಕಣದಲ್ಲಿ ಏನೂ ಇರುವುದಿಲ್ಲ ಎಂಬುದು ಹೊಳೆಯಲು ಐದು ನಿಮಿಷ ಬೇಕಾಯಿತು. ಅದನ್ನು ತಡೆಯಲು ಹೋಗಬೇಡಿ, ಧ್ಯಾನ ಮಾಡಬೇಕೆಂಬ ಹಟವೂ ಬೇಡ. ಲೆಕ್ಕಗಳು ತೀರಿದ ಮೇಲೆ ಉಸಿರಿನ ಸದ್ದು ದೊಡ್ಡದಾಗಿ ಕೇಳತೊಡಗುತ್ತದೆ. ನಡುವೆ ಕಾಲು ತಟಕ್ಕನೆ ಎಗರಿದರೆ ನಿದ್ದೆ ಹತ್ತಿತ್ತು ಎಂದರ್ಥ. ನಿದ್ದೆ ಬಂದರೆ ಅಪಾಯವಿಲ್ಲ, ಈ ನೀರಿನಲ್ಲಿ ಮಗ್ಗುಲು ಮಗುಚುವುದು ಪ್ರಯತ್ನಪಟ್ಟರೂ ಕಷ್ಟ.

ಎರಡು ಅವಘಡಗಳು

ಕಣ್ಣಿಗೆ ಉಪ್ಪುನೀರು ಹೋಗುವುದು ಮೊದಲನೆಯದು. ನನಗಾಯಿತು. ಹಣೆ ತುರಿಸಿತೆಂದು ಒದ್ದೆ ಬೆರಳಿನಿಂದ ಕೆರೆದೆ, ಹನಿ ಕಣ್ಣಿಗಿಳಿಯಿತು. ಗಾಂಧಾರಿ ಮೆಣಸು ಹೆಚ್ಚಿದ ಕೈಯಿಂದ ಕಣ್ಣುಜ್ಜಿದವರಿಗೆ ಆ ಉರಿಯ ಪರಿಚಯವಿರುತ್ತದೆ. ಕಣ್ಣು ಉಜ್ಜಬೇಡಿ. ಎದ್ದು ಕುಳಿತು, ಸ್ಪ್ರೇ ಬಾಟಲಿಯ ಸಿಹಿನೀರನ್ನು ಕಣ್ಣಿಗೆ ಹಾಯಿಸಿ, ಟವೆಲಿನಿಂದ ಒತ್ತಿ ಒರೆಸಿ ಮತ್ತೆ ಮಲಗಿ. ಏಳುವಾಗ ಕೂದಲನ್ನು ಹಿಂದಕ್ಕೆ ಹಿಂಡಿಕೊಂಡೇ ಏಳಿ, ಇಲ್ಲದಿದ್ದರೆ ಹಣೆಯಿಂದ ಎರಡನೆಯ ಕಂತು ಇಳಿಯುತ್ತದೆ. ಬಾಯಿಗೆ ಹೋದರೆ ಉಗಿದು ಬಾಯಿ ಮುಕ್ಕಳಿಸಿ. ಇದು ಭೇದಿಯಾಗಲೆಂದೇ ಕೊಡುತ್ತಿದ್ದ ಉಪ್ಪು, ನುಂಗಿದರೆ ಅದರ ಕೆಲಸ ಅದು ಮಾಡುತ್ತದೆ.

ಎರಡನೆಯದು ಕರೆಂಟು. ಕೊಡಗಿನ ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋಗುವುದು ಸುದ್ದಿಯೇ ಅಲ್ಲ. ನಾನು ಒಳಗಿದ್ದಾಗಲೂ ಹೋಯಿತಂತೆ. ಆಗ ನನ್ನ ದೀಪ ಆರಿಸಿಯಾಗಿತ್ತು, ಕಿವಿ ಮುಚ್ಚಿತ್ತು. ಮುಗಿಯಿತೆಂದು ತಿಳಿಸುವ ಸಂಗೀತ ಬರಲೇ ಇಲ್ಲ. ಕೊನೆಗೆ ಹೊರಗಿನಿಂದ ಯಾರೋ ಬಾಗಿಲು ತಟ್ಟಿ “ಅಕ್ಕಾ, ಕರೆಂಟು ಹೋಗಿ ಅರ್ಧ ಗಂಟೆಯಾಯಿತು, ಹೆದರಿದಿರಾ?” ಎಂದು ಕೇಳಿದರು. ಹೆದರಲು ನನಗೆ ಗೊತ್ತಾದರೆ ತಾನೇ! ಅಷ್ಟು ನೀರು ಅರ್ಧ ಗಂಟೆಯಲ್ಲಿ ಆರಿಹೋಗುವುದೂ ಇಲ್ಲ. ಆದರೂ ಜನರೇಟರ್ ಇದೆಯೇ, ಕರೆಂಟು ಹೋದರೆ ಯಾರು ಬಂದು ಎಬ್ಬಿಸುತ್ತಾರೆ ಎಂದು ಮೊದಲೇ ಕೇಳಿಟ್ಟುಕೊಳ್ಳಿ. ಕೋಣೆಯೊಳಗೆ ಒಂದು ಟಾರ್ಚ್ ಇರಲಿ.

ಹೊರಬಂದ ಮೇಲೆ

ಒಮ್ಮೆಲೇ ಎದ್ದು ನಿಲ್ಲಬೇಡಿ. ಕುಳಿತು, ನಾಲ್ಕು ಉಸಿರು ಎಳೆದು, ಹಿಡಿಕೆ ಹಿಡಿದು ಏಳಿ. ಗಂಟೆಗಟ್ಟಲೆ ಹೊರೆ ಇಳಿಸಿಟ್ಟು ಮತ್ತೆ ಹೊತ್ತುಕೊಂಡಂತೆ ಮೈ ಭಾರವೆನಿಸುತ್ತದೆ, ಕೆಲವರಿಗೆ ತಲೆ ಸುತ್ತುತ್ತದೆ. ಷವರಿನಲ್ಲಿ ಮೊದಲು ಬರೀ ನೀರು ಹಾಯಿಸಿ ಉಪ್ಪು ಇಳಿಸಿ, ಸೋಪು ಆಮೇಲೆ. ಇಯರ್ ಪ್ಲಗ್ಗನ್ನು ತಲೆ ತೊಳೆದಾದ ನಂತರವೇ ತೆಗೆಯಿರಿ.

ಬಟ್ಟೆ ಹಾಕಿಕೊಂಡ ಕೂಡಲೇ ಕಾರಿನ ಕೀಲಿ ಹುಡುಕಬೇಡಿ. ಮೈಯೂ ಮನಸ್ಸೂ ಸಡಿಲವಾಗಿರುವ ಹೊತ್ತಿನಲ್ಲಿ ಸಂಪಾಜೆ ಘಾಟಿಯ ತಿರುವು, ಮಡಿಕೇರಿಯ ಮಂಜು, ಎದುರಿಗೆ ಮರದ ಲಾರಿ, ಇವೆಲ್ಲ ಬೇಡ. ಅರ್ಧ ಗಂಟೆಯಾದರೂ ಕುಳಿತು ನೀರು ಕುಡಿಯಿರಿ. ಕಾಫಿಯನ್ನೂ ಈಗ ಕುಡಿಯಬಹುದು. ಅತ್ತಿಗೆ ಜಗಲಿಯಲ್ಲಿ ಕುಳಿತು ಎರಡು ಲೋಟ ಕುಡಿದರು, ಒಂದು ಮಾತೂ ಆಡಲಿಲ್ಲ. ಅವರನ್ನು ಬಲ್ಲವರಿಗೆ ಇದರ ಬೆಲೆ ಗೊತ್ತು.

ಮರುದಿನ ಕಿವಿಯ ಹಿಂದೆ, ಕೂದಲಿನ ಬುಡದಲ್ಲಿ ಬಿಳಿ ಪುಡಿ ಕಾಣಿಸಿದರೆ ಹೊಟ್ಟು ಎಂದು ಗಾಬರಿಯಾಗಬೇಡಿ. ಉಳಿದುಹೋದ ಉಪ್ಪು ಅದು, ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ.